ಅಂಗೈಯಿಂದ ಆರಿಸಿದ ಸ್ಪೀಕರ್

ಪವರ್‌ಲೂಮ್ ಶೆಡ್ಡಿನಲ್ಲಿ ಎಲ್ಲರ ಕಿವಿಯೂ ಅರ್ಧ ಹೋಗಿರುತ್ತದೆ. ಅಂಥವರ ನಡುವೆಯೂ ಒಬ್ಬನಿಗೆ ‘ಕಿವುಡಣ್ಣ’ ಎಂದು ಹೆಸರು ಬಿದ್ದಿದೆ ಎಂದರೆ ಅವನ ಕಿವಿಯ ಗತಿಯನ್ನು ನೀವೇ ಊಹಿಸಿಕೊಳ್ಳಿ. ಅಲ್ಲಿ ಮಾತೆಲ್ಲ ತುಟಿಯಲ್ಲೇ. ಗಂಟಲು ಹರಿದುಕೊಳ್ಳುವವನು ಹೊಸಬ. ನಾಲ್ಕು ಮಗ್ಗದಾಚೆ ನಿಂತು ಯಾರಾದರೂ ಮಾಲೀಕನನ್ನು ಬೈದರೆ ಕಿವುಡಣ್ಣ ತುಟಿ ಓದಿ ಇಲ್ಲಿಂದಲೇ ನಗುತ್ತಿದ್ದ. ಮಗ್ಗ ಸರಿಯಿದೆಯೋ ಇಲ್ಲವೋ ತಿಳಿಯಲು ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಅವನಿಗೆ ಸಾಕಿತ್ತು.

ಈಗ ಆ ನಗು ನಿಂತಿದೆ. ಹೆಂಡತಿಗೆ ಲಕ್ವ ಹೊಡೆದು ಮಾತು ಹೋದ ಮೇಲೆ ಅವನಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವಳ ಮೈ ಒಂದು ಮಗ್ಗುಲು ಮರಗಟ್ಟಿದ್ದರೆ ಇವನು ಒಳಗೆಲ್ಲ ಮರಗಟ್ಟಿದ್ದ. ತುತ್ತು ತಿನ್ನಿಸುತ್ತಿದ್ದ, ಬಾಯಿ ಒರೆಸುತ್ತಿದ್ದ, ಶೆಡ್ಡಿಗೆ ಹೋಗುತ್ತಿದ್ದ. ಹೇಗಿದ್ದಾಳೆ ಎಂದು ಕೇಳಿದವರಿಗೆ ಇದ್ದಾಳೆ ಎನ್ನುತ್ತಿದ್ದ. ಅವಳ ತುಟಿಯೇನೋ ಅಲುಗುತ್ತಿತ್ತು. ಆದರೆ ಜೀವನವಿಡೀ ತುಟಿ ಓದಿದವನಿಗೆ ಅದರಲ್ಲಿ ಒಂದು ಪದವೂ ಸಿಗುತ್ತಿರಲಿಲ್ಲ.

ಹಾಡಿಸಿ ನೋಡಿ ಎಂದವರು ಮಾತು ಕಲಿಸುವ ಡಾಕ್ಟರಮ್ಮ. ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತದಂತೆ. ಅದರ ಬೆನ್ನು ಹಿಡಿದು ಮಾತೂ ಬರಬಹುದು, ಬಾರದೆಯೂ ಇರಬಹುದು. ಮಗಳು ಅಂದೇ ಹಟ ಹಿಡಿದಳು. ಟಿವಿ ಇದೆ, ಹಾಡಿನ ಬರೀ ಸಂಗೀತ ಪುಕ್ಕಟೆ ಸಿಗುತ್ತದೆ, ಸಾಲುಗಳು ಪರದೆ ಮೇಲೆ ಓಡುತ್ತವೆ. ಬೇಕಾದ್ದು ಮೈಕ್ ಮತ್ತು ಸ್ಪೀಕರ್ ಮಾತ್ರ. ತಂತಿಯ ಮೈಕೇ ಇರಲಿ, ಅಗ್ಗದ ಬ್ಲೂಟೂತ್ ಮೈಕಿನಲ್ಲಿ ದನಿ ತಡವಾಗಿ ಬಂದು ಅಮ್ಮನಿಗೆ ಗಲಿಬಿಲಿಯಾಗುತ್ತದೆ. ಸ್ಪೀಕರ್ ಚಿಕ್ಕದಾದರೂ ದನಿ ಸ್ಪಷ್ಟವಿರಲಿ ಎಂದು ಅಪ್ಪನಿಗೆ ಪಾಠ ಮಾಡಿದಳು. ಅವಳಿಗೆ ರಜೆ ಸಿಗಲಿಲ್ಲ, ಅವನೊಬ್ಬನೇ ಹೋದ.

ಹಳೆ ಸಾಮಾನಿನ ಅಂಗಡಿಯಲ್ಲಿ ಮೈಕನ್ನೇನೋ ಮಗಳು ಹೇಳಿದಂತೆಯೇ ತೆಗೆದುಕೊಂಡ. ಸ್ಪೀಕರುಗಳ ಸರದಿ ಬಂದಾಗ ಅಭ್ಯಾಸಬಲ, ಒಂದೊಂದರ ಮೇಲೂ ಅಂಗೈ ಇಟ್ಟ. ಮಗಳು ಹೇಳಿದಂಥ ಚಿಕ್ಕ ಸ್ಪೀಕರ್ ಚೆನ್ನಾಗಿಯೇ ಹಾಡುತ್ತಿತ್ತು. ಅಂಗೈಗೆ ಮಾತ್ರ ಏನೂ ತಾಗಲಿಲ್ಲ. ಇದು ಸತ್ತಿದೆ ಎಂದ. ಮೂಲೆಯಲ್ಲಿದ್ದ ಮೊಣಕಾಲೆತ್ತರದ ಪೆಟ್ಟಿಗೆ ಮುಟ್ಟಿದಾಗ ಮೊಣಕೈವರೆಗೂ ಅದುರಿತು. ಅದೇ ಬೆಲೆಗೆ ಅಷ್ಟು ದೊಡ್ಡದು! ಆ ಪೀಡೆ ತೊಲಗಿದರೆ ಸಾಕೆಂದಿದ್ದ ಅಂಗಡಿಯವನು ಆಟೋವರೆಗೆ ತಾನೇ ಹೊತ್ತು ತಂದ.

ಸಂಜೆ ಅದನ್ನು ಹಚ್ಚಿದಾಗ ಅಡುಗೆಮನೆಯ ತಟ್ಟೆಗಳು ಗಲಗುಟ್ಟಿದವು. ಮಗಳು ತಲೆ ಮೇಲೆ ಕೈಯಿಟ್ಟುಕೊಂಡು ಅಪ್ಪನಿಗೆ ಕಾಣುವಂತೆ ಮುಖಕ್ಕೆ ಮುಖ ಕೊಟ್ಟು ಹೇಳಿದಳು:

“ಅಪ್ಪಾ, ಇದ್ರಲ್ಲಿ ಗುದ್ದು ಬಿಟ್ರೆ ಏನೂ ಕೇಳಿಸ್ತಿಲ್ಲ. ಅಮ್ಮ ಹಾಡಿದ್ರೂ ನಂಗೆ ಗೊತ್ತಾಗಲ್ಲ.”

ಮಾರಿದ ಮಾಲು ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ, ಇನ್ನೊಂದು ಕೊಳ್ಳುವ ಶಕ್ತಿ ಇವರಿಗಿಲ್ಲ. ತಪ್ಪು ಮಾಡಿದೆ ಎಂದು ಕಿವುಡಣ್ಣನಿಗೆ ತಿಳಿಯಿತು, ಬೇಜಾರು ಮಾತ್ರ ಆಗಲಿಲ್ಲ. ಅವನು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ. ಮಗಳು ಅಮ್ಮನ ಎಡಗೈಗೆ ಮೈಕ್ ಕೊಟ್ಟು, ಅಂಗಡಿಯವನಿಗೆ ಫೋನ್ ಹಚ್ಚಿ ಬಾಗಿಲಾಚೆ ಹೋದಳು.

ಹೆಂಡತಿಯ ತುಟಿ ಅಲುಗುತ್ತಿತ್ತು. ಅವನು ಹಾಗೇ ನೋಡಿದ. ಪರದೆಯ ಸಾಲೇ ಅಲ್ಲಿತ್ತು. ಮುಂದಿನದು ಪರದೆಗೆ ಬರುವ ಮೊದಲೇ ಅವಳ ತುಟಿಗೆ ಬಂತು, ಒಂದಕ್ಷರವೂ ತಪ್ಪಿಲ್ಲ. ಮಗಳನ್ನು ಕೂಗಬೇಕೆಂದುಕೊಂಡ. ಅಷ್ಟರಲ್ಲಿ ತುಟಿ ಹಾಡು ಬಿಟ್ಟಿತು. ಪರದೆಯಲ್ಲಿ ಒಂದು, ತುಟಿಯಲ್ಲಿ ಇನ್ನೊಂದು. ಅವಳು ನೇರ ಅವನನ್ನೇ ನೋಡುತ್ತಿದ್ದಳು.

“ರೀ. ಕಮ್ಮಿ ಮಾಡಿ.”

ಇಷ್ಟು ತಿಂಗಳ ಮೇಲೆ ಬಂದ ಅವಳ ಸ್ವಂತ ಮಾತು, ಅದೂ ಗದರಿಕೆ. ಸಂತೋಷವಾಗಬೇಕಿತ್ತು, ಆದದ್ದು ಭಯ. ಸದ್ದು ನಿಂತರೆ ಮಾತೂ ನಿಂತುಹೋದರೆ? ಗುಂಡಿ ಹಿಡಿದ, ತಿರುಗಿಸಲಿಲ್ಲ. ಅವಳು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಅದನ್ನೇ ಹೇಳಿದಳು. ಅವನು ತಿರುಗಿಸಿದ.

ಮಗಳು ಒಳಗೆ ಬಂದು, ಯಾಕಪ್ಪ ಕಮ್ಮಿ ಮಾಡಿದೆ ಎಂದು ಕೇಳಿದಳು.

“ನಿಮ್ಮಮ್ಮ ಹೇಳಿದ್ಲು,” ಎಂದ.