ಸಾಹೇಬರಿಗಾಗಿ ತೊಳೆದ ಚರಂಡಿ

ಕೊಳ್ಳೇಗಾಲದ ನಮ್ಮ ಬೀದಿಯ ಚರಂಡಿಯಲ್ಲಿ ರೇಷ್ಮೆಗೆ ಬಣ್ಣ ಹಾಕಿದ ನೀರು ಕೊಳೆತು ನಾರುತ್ತಿತ್ತು. ಅದನ್ನು ಶುದ್ಧ ಮಾಡುವ ಕೆಲಸವನ್ನು ನಮಗೇ ಕಲಿಸಲು ಸರ್ಕಾರ ಹಣ ಕೊಡುತ್ತದೆ ಎಂಬ ಸುದ್ದಿ ಬಂತು. ಕೊಳಕು ಎಷ್ಟಿದೆಯೆಂದು ನೋಡಲು ಮೊದಲು ಸಾಹೇಬರೊಬ್ಬರು ಬರುವವರಿದ್ದರು. ದೊಡ್ಡವರು ಬರುತ್ತಾರೆಂದರೆ ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಅವ್ವ ಮುಂದೆ ನಿಂತು ಬಣ್ಣ ಕುದಿಸುವ ಒಲೆಗಳನ್ನೆಲ್ಲ ಆರಿಸಿದಳು. ಎಲ್ಲರೂ ಸೇರಿ ಚರಂಡಿ ತೊಳೆದು, ಪಕ್ಕದಲ್ಲಿ ರಂಗೋಲಿಯನ್ನೂ ಬಿಟ್ಟರು.

"ಇಲ್ಲಿ ಕೊಳಕೇ ಇಲ್ಲವಲ್ಲಮ್ಮ," ಎಂದರು ಸಾಹೇಬರು.

"ನೀವ್ ಬತ್ತೀರಿ ಅಂತ ತೊಳುದ್ವಿ ಸಾ," ಎಂದಳು ಅವ್ವ, ಹೆಮ್ಮೆಯಿಂದ.

ಅವರು ನಕ್ಕು, ಕಾಫಿ ಕುಡಿದು ಹೋದರು. ಹಣ ಬೇರೆ ಊರಿನ ಪಾಲಾಯಿತು. ಆ ಮನುಷ್ಯನಿಗೆ ಕಿವಿಯಾದರೂ ಇರಲಿಲ್ಲವೇ? ಮರುದಿನ ಒಲೆಗಳು ಉರಿದವು, ಚರಂಡಿ ಮತ್ತೆ ಕೆಂಪಾಯಿತು.

ಈಗ ಸಾಹೇಬರು ಬರುತ್ತಾರೆಂದರೆ ನಮ್ಮ ಬೀದಿಯಲ್ಲಿ ಯಾರೂ ಪೊರಕೆ ಮುಟ್ಟುವುದಿಲ್ಲ. ಸಾಹೇಬರೂ ಬರುವುದಿಲ್ಲ.