ಲೈನು ಬಿಡದವಳು

ನನ್ನ ಓರಗಿತ್ತಿಗೆ ವಿನಯ ಕಡಿಮೆ. ಗೊತ್ತಿರುವುದನ್ನು ಗೊತ್ತಿದೆ ಎಂದೇ ಹೇಳುತ್ತಾಳೆ. ಮದುವೆಗೆ ಮುಂಚೆಯೇ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದವಳು. ಆಗೆಲ್ಲ ಯಾರಾದರೂ ಪೋಲಿ ಫೋನು ಮಾಡಿದರೆ, ಅದು ಎಲ್ಲಿಂದ ಬಂತೆಂದು ತಿಳಿಯಲು ಮೆಕ್ಯಾನಿಕ್ ಯಂತ್ರಗಳ ಸಾಲಿನ ನಡುವೆ ಓಡಾಡಿ ಜಾಡು ಹಿಡಿಯಬೇಕಿತ್ತು. ಅಷ್ಟು ಹೊತ್ತು ಆ ಪೋಲಿ ಲೈನು ಬಿಡದಂತೆ ಮಾತಿಗೆಳೆಯುವುದು ಇವಳ ಕೆಲಸ. ಆ ವಿದ್ಯೆಯನ್ನು ಮನೆಯಲ್ಲೂ ಬಳಸುತ್ತಾಳೆಂಬುದು ನನ್ನ ಮೈದುನನ ದೂರು.

ಮುಂದೆ ಯಂತ್ರಗಳು ಬದಲಾದವು. ಕರೆಯ ಜೊತೆಗೇ ಕರೆದವರ ನಂಬರನ್ನೂ ಎಕ್ಸ್‌ಚೇಂಜು ತಾನಾಗಿ ಕಳಿಸತೊಡಗಿತು. ಅವಳು ಆಂಬುಲೆನ್ಸ್ ಕಚೇರಿಯ ಫೋನು ಕೋಣೆಗೆ ಬಂದಳು. ಅಲ್ಲಿ ಗಂಟೆ ಬಾರಿಸುವಷ್ಟರಲ್ಲಿ ಪರದೆಯ ಮೇಲೆ ನಂಬರೂ ಅದು ಯಾರ ಹೆಸರಿನಲ್ಲಿದೆಯೋ ಅವರ ವಿಳಾಸವೂ ಮೂಡುತ್ತವೆ. ಹೊಸಬರಿಗೆ ಅದೇ ವೇದವಾಕ್ಯ. ಇವಳು ಮೊದಲ ದಿನವೇ ಹೇಳಿಬಿಡುತ್ತಾಳೆ: "ಫೋನ್ ಬಿಲ್ಲು ಎಲ್ಲಿಗೆ ಹೋಗುತ್ತೆ ಅಂತ ಅದಕ್ಕೆ ಗೊತ್ತು. ಬಿದ್ದಿರೋನು ಎಲ್ಲಿದಾನೆ ಅಂತ ಗೊತ್ತಿಲ್ಲ."

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕರೆಯೊಂದು ಬಂತು. ಮಾತಿಲ್ಲ, ಗೊರಗುಡುವ ಉಸಿರು, ಹಿಂದೆ ಯಾವುದೋ ಮೋಟಾರಿನ ಸದ್ದು. ಪರದೆಯ ಮೇಲೆ ಊರಾಚೆಯ ಬಟ್ಟೆ ಗಿರಣಿಯ ನಂಬರು, ಮುಂದಿನ ಗೇಟಿನ ವಿಳಾಸ. ಆಂಬುಲೆನ್ಸ್ ಹೊರಟಿತು. ಆದರೆ ಗಿರಣಿ ಒಂದು ಸಣ್ಣ ಊರಿನಷ್ಟಿದೆ. ಒಳಗೆ ಮೂಲೆಮೂಲೆಗೂ ಫೋನುಗಳು. ಯಾವುದರಿಂದ ಮಾಡಿದರೂ ಹೊರಗೆ ಕಾಣುವುದು ಅದೊಂದೇ ನಂಬರು. ಶೆಡ್ಡು ಶೆಡ್ಡು ಹುಡುಕುವಷ್ಟು ಹೊತ್ತು ಆ ಉಸಿರು ಉಳಿಯುವಂತಿರಲಿಲ್ಲ.

ಮಾತಿಲ್ಲದ ಕರೆ ಬಂದರೆ ಫೋನು ಇಟ್ಟು, ಅದೇ ನಂಬರಿಗೆ ತಿರುಗಿ ಮಾಡಬೇಕೆಂಬುದು ಕಚೇರಿಯ ನಿಯಮ. ಸಾಮಾನ್ಯವಾಗಿ ಅದು ಸರಿಯಾದ ನಿಯಮವೇ. ಮೇಲ್ವಿಚಾರಕ ಪಕ್ಕಕ್ಕೆ ಬಂದು ಅದನ್ನೇ ನೆನಪಿಸಿದ.

"ಇಡಿ ಮೇಡಂ, ವಾಪಸ್ ಮಾಡಿ."

"ಇಟ್ರೆ ಮನುಷ್ಯ ಕಳೆದುಹೋಗ್ತಾನೆ. ವಾಪಸ್ ಮಾಡಿದ್ರೆ ಎತ್ತೋದು ಅವರ ಆಪರೇಟರು, ಇವನಲ್ಲ."

"ಹೆಚ್ಚುಕಮ್ಮಿ ಆದ್ರೆ?"

"ನನ್ನ ಹೆಸರು ಹೇಳಿ. ಈಗ ಆ ಇನ್ನೊಂದು ಫೋನು ಇತ್ತ ತಳ್ಳಿ."

ಎಡಗಿವಿಯಲ್ಲಿ ಆ ಉಸಿರನ್ನು ಹಿಡಿದುಕೊಂಡೇ ಬಲಗೈಯಿಂದ ಗಿರಣಿಗೆ ಫೋನು ಮಾಡಿದಳು. ಅಲ್ಲಿನ ಆಪರೇಟರಮ್ಮನಿಗೆ ವಿಷಯ ತಿಳಿಸಿ, ಈ ಗಳಿಗೆ ಹೊರಗಿನ ಲೈನು ಹಿಡಿದಿರುವ ಒಳಫೋನುಗಳು ಯಾವುವೆಂದು ಕೇಳಿದಳು. ಊಟದ ಹೊತ್ತಾದ್ದರಿಂದ ಆಕೆಯ ಬೋರ್ಡಿನ ಮೇಲೆ ಎರಡೇ ದೀಪ ಉರಿಯುತ್ತಿದ್ದವು. ಒಂದು ಮ್ಯಾನೇಜರರದು, ಅವರು ಹೆಂಡತಿಯೊಡನೆ ಜಗಳವಾಡುತ್ತಿದ್ದಾರೆ ಎಂದಳು ಆಪರೇಟರಮ್ಮ. ಅದು ಹೇಗೆ ಗೊತ್ತೆಂದು ಇವಳು ಕೇಳಲಿಲ್ಲ. ಇನ್ನೊಂದು ಬಾಯ್ಲರ್ ಕೋಣೆಯ ಹಿಂದಿನ ಪಂಪ್ ಮನೆಯದು.

ಹಿಂದಿನ ಗೇಟು ತೆಗೆಸಲು ಆಪರೇಟರಮ್ಮನಿಗೆ ಹೇಳಿದಳು. ದಾರಿಯಲ್ಲಿದ್ದ ಆಂಬುಲೆನ್ಸಿಗೆ ಮೇಲ್ವಿಚಾರಕನೇ ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿದ. ಅಷ್ಟರಲ್ಲಿ ಉಸಿರು ಬಿಟ್ಟು ಬಿಟ್ಟು ಕೇಳತೊಡಗಿತ್ತು. ಕಾಣದ ಆ ಮನುಷ್ಯನನ್ನು ಅವಳು ಮನೆಯವರನ್ನು ಗದರಿದಂತೆಯೇ ಗದರುತ್ತ ಕೂತಳು, ಮಲಗಬೇಡ, ಫೋನು ಬಿಡಬೇಡ ಎಂದು.

ಕೊನೆಗೆ ಆ ಕಡೆ ಬಾಗಿಲು ದೂಡಿದ ಸದ್ದು. ರಿಸೀವರ್ ಎತ್ತಿಕೊಂಡವಳು ಆಂಬುಲೆನ್ಸಿನ ನರ್ಸು.

"ಸಿಕ್ಕಿದ್ರು ಅಕ್ಕ. ಉಸಿರಿದೆ. ಇನ್ನು ಇಡಿ."

ಆಮೇಲೆ ಇಟ್ಟಳು.

ಪಂಪ್ ನೋಡಿಕೊಳ್ಳುತ್ತಿದ್ದ ಆತನಿಗೆ ಪಾರ್ಶ್ವವಾಯು ಬಡಿದಿತ್ತು, ಬದುಕಿಕೊಂಡ. ಗಿರಣಿ, ಆಸ್ಪತ್ರೆ, ಹಾಸ್ಟೆಲಿನಂಥ ನಂಬರು ಬಂದರೆ ಫೋನು ಇಡಬಾರದೆಂದು ಕಚೇರಿಯ ನಿಯಮಕ್ಕೆ ಒಂದು ಸಾಲು ಸೇರಿತು. ಬರೆದವಳು ನನ್ನ ಓರಗಿತ್ತಿ, ಸಹಿ ಮೇಲ್ವಿಚಾರಕನದು. ಹೊಸಬರು ಅದನ್ನು ಅವನ ನಿಯಮ ಎಂದರೆ ಅವಳು ಅಲ್ಲೇ ತಿದ್ದುತ್ತಾಳೆ.