ಸಂಜೆ ಹೂಂ, ಬೆಳಿಗ್ಗೆ ಊಹೂಂ

ಕೆಂಡಲ್ ಪಾರ್ಕಿನ ನಮ್ಮ ಓದುಗರ ಬಳಗದಲ್ಲಿ ಒಂದು ಅಲಿಖಿತ ನಿಯಮವಿದೆ. ಯಾರು ಹೆಚ್ಚು ಮಾತಾಡುತ್ತಾರೋ ಮುಂದಿನ ಉಪನ್ಯಾಸ ಅವರದು. ಹಾಗಾಗಿ ಬುದ್ಧಿವಂತರೆಲ್ಲ ಚಕ್ಕುಲಿ ಕಡಿಯುತ್ತ ಸುಮ್ಮನೆ ಕೂತಿರುತ್ತಾರೆ. ನನಗೆ ಆ ಬುದ್ಧಿ ಇವತ್ತಿನವರೆಗೂ ಬಂದಿಲ್ಲ. ಹೋದ ಚಳಿಗಾಲದಲ್ಲಿ ಒಬ್ಬರು, "ಇನ್ನೂರು ವರ್ಷದ ಹಿಂದಿನ ಆ ಇಂಗ್ಲಿಷ್ ಹೆಂಗಸು ಬರೆದ ಕಾದಂಬರಿಗಳಲ್ಲಿ ಮದುವೆ ಬಿಟ್ಟು ಇನ್ನೇನಿದೆ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಮೈಸೂರಿನಲ್ಲಿ ಎಂ.ಎ. ಓದುವ ಕಾಲದಿಂದ ಆಕೆ ನನ್ನ ಮನೆಯವಳಿದ್ದ ಹಾಗೆ. ಉಸಿರು ಬಿಡದೆ ವಾದಿಸಿದೆ. ವಾದ ಮುಗಿಸಿ ನೋಡಿದರೆ ನನ್ನ ಉಪನ್ಯಾಸ ಗೊತ್ತಾಗಿಹೋಗಿತ್ತು. ಆಕೆಯ ಬದುಕು, ಆಕೆಯ ಕಾಲ, ಆಕೆ ಓದಿದ ಪುಸ್ತಕಗಳು. ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ, ಶನಿವಾರ ಮಧ್ಯಾಹ್ನ, ಎಲ್ಲರೂ ಒಂದೊಂದು ಅಡಿಗೆ ತರುವ ಪಾಟ್‌ಲಕ್ ಸಮೇತ.

ನನ್ನ ಗಂಡನಿಗೆ ಆಕೆಯ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುವ ಬಸ್ಸಿನಲ್ಲಿ ಓದಲಿ ಎಂದು ಒಮ್ಮೆ ಒಂದು ಕಾದಂಬರಿ ಕೊಟ್ಟಿದ್ದೆ. ಒಂದು ವಾರ ಓದಿ ವಾಪಸ್ ಕೊಟ್ಟರು. "ಅರ್ಧ ಪುಸ್ತಕ ಆಯ್ತು, ಇನ್ನೂ ಟೀ ಕುಡೀತಾನೇ ಇದ್ದಾರೆ. ಇದರಲ್ಲಿ ಯಾರೂ ಕೆಲಸಕ್ಕೆ ಹೋಗಲ್ವಾ?" ಎಂದರು. ಬೆಳಗಿನ ಬಸ್ಸು ತಪ್ಪಿಸಿಕೊಂಡರೆ ದಿನವೇ ಹಾಳಾಯಿತೆನ್ನುವ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸಾಹಿತ್ಯ ವಿಮರ್ಶೆ ಸಾಧ್ಯವಿರಲಿಲ್ಲ. ನಾನು ಎರಡು ದಿನ ಅವರ ಡಬ್ಬಿಗೆ ಬರಿ ಮೊಸರನ್ನ ಹಾಕಿದೆ.

ನಿಜ ಹೇಳಬೇಕೆಂದರೆ ಆಕೆಯ ಕಾಲವನ್ನು ವಿವರಿಸುವುದಕ್ಕೆ ನನಗೆ ಇಂಗ್ಲೆಂಡಿನ ಚರಿತ್ರೆಯೇ ಬೇಕಾಗಿರಲಿಲ್ಲ, ಇಲ್ಲಿನ ನಮ್ಮವರ ಒಂದು ಗೃಹಪ್ರವೇಶ ಸಾಕಾಗಿತ್ತು. ಆಗ ಅಲ್ಲಿ ರಾಜನಿಗೆ ಬುದ್ಧಿಭ್ರಮಣೆ, ಮಗ ಅವನ ಬದಲು ಆಳುತ್ತಿದ್ದ, ಪಕ್ಕದ ದೇಶದೊಡನೆ ಯುದ್ಧ. ಆದರೂ ಊರಿಗೆ ಹೊಸ ಗಂಡು ಬಂದನೆಂದರೆ ಜನ ಯುದ್ಧವನ್ನು ಮರೆತು ಅವನ ವರಮಾನ ಎಷ್ಟು, ಮನೆ ಎಷ್ಟು ದೊಡ್ಡದು, ಗಾಡಿ ಎಂಥದು ಎಂದು ಲೆಕ್ಕ ಹಾಕುತ್ತಿದ್ದರು. ನಾವೂ ಅಷ್ಟೆ. ಗ್ರೀನ್ ಕಾರ್ಡ್ ಬಂದಿದೆಯೇ, ಬೇಸ್‌ಮೆಂಟ್ ಫಿನಿಶ್ ಮಾಡಿಸಿದ್ದಾನೆಯೇ, ಕಾರು ಎಲೆಕ್ಟ್ರಿಕ್ಕೇ ಎಂಬುದೆಲ್ಲ ಪಾಯಸ ಬಡಿಸುವ ಮೊದಲೇ ಗೊತ್ತಾಗಿರುತ್ತದೆ. ಅವರು ಬಾಲ್ ಡ್ಯಾನ್ಸ್ ಎಂದು ಕುಣಿದರು, ನಾವು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ ದೀಪಾವಳಿ ಎಂದು ಕುಣಿಯುತ್ತೇವೆ.

ಇಷ್ಟು ಜಾಣತನದಿಂದ ಬರೆದುಕೊಂಡ ನಾನೇ ಅದೇ ವಾರ ಹಳ್ಳಕ್ಕೆ ಬಿದ್ದೆ. ಅದೂ ಒಬ್ಬಳೇ ಬೀಳಲಿಲ್ಲ, ಮಗಳನ್ನೂ ಎಳೆದುಕೊಂಡು ಬಿದ್ದೆ.

ಉಪನ್ಯಾಸದ ಹಿಂದಿನ ಭಾನುವಾರ ಹತ್ತಿರದ ಊರು ಮನ್ರೋದಲ್ಲಿ ನಮಗೆ ಊಟಕ್ಕೆ ಕರೆ ಬಂದಿತ್ತು. ಕರೆದವರು ನಮ್ಮ ಓದುಗರ ಬಳಗಕ್ಕೇ ಬರುವ ಧಾರವಾಡದ ಹಿರಿಯರು, ರಿಟೈರಾದ ಡಾಕ್ಟರೊಬ್ಬರ ಹೆಂಡತಿ. ಅವರಿಗೆ ಮದುವೆ ವಯಸ್ಸಿನ ಮಗನಿದ್ದಾನೆ. ಮದುವೆ ವಯಸ್ಸು ದಾಟುತ್ತಿದೆ ಎಂದು ಎಲ್ಲರೂ ನೆನಪಿಸುವ ಮಗಳು ನನಗಿದ್ದಾಳೆ. ಹೆಣ್ಣು ನೋಡುವುದು ಎಂಬ ಮಾತನ್ನು ಯಾರೂ ಎತ್ತಲಿಲ್ಲ. "ಊಟಕ್ಕ ಬರ್ರಿ" ಎಂದರು ಅವರು, "ಜಸ್ಟ್ ಲಂಚ್" ಎಂದಳು ನನ್ನ ಮಗಳು, ನಾನು ಎರಡಕ್ಕೂ ತಲೆಯಾಡಿಸಿದೆ. ಹುಡುಗ ಒಳ್ಳೆಯವನು. ತನ್ನ ಕಾರಿನ ಬ್ಯಾಟರಿಯ ಬಗ್ಗೆ ಊಟ ಮುಗಿಯುವವರೆಗೂ ಮಾತಾಡಿದ. ನನ್ನ ಮಗಳು ಸೌಜನ್ಯದಿಂದ ಕೇಳಿಸಿಕೊಂಡಳು.

ಹೊರಡುವ ಹೊತ್ತಿಗೆ ಹುಡುಗನ ತಾಯಿ ತಟ್ಟೆ ಹಿಡಿದು ಬಂದರು. ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ, ಬಾಳೆಹಣ್ಣು. ನನಗೆ ಉಡಿ ತುಂಬಿದರು. ಉತ್ತರ ಕರ್ನಾಟಕದವರ ಮನೆಗೆ ಹೋದಾಗಲೆಲ್ಲ ಮುತ್ತೈದೆಯರಿಗೆ ಹೀಗೆ ಸೆರಗಿನಲ್ಲಿ ಉಡಿ ತುಂಬಿ ಕಳಿಸುತ್ತಾರೆ. ನಮ್ಮ ಮೈಸೂರಿನ ಕಡೆ ಅರಿಶಿನ ಕುಂಕುಮ, ತಾಂಬೂಲ ಕೊಟ್ಟ ಹಾಗೆಂದು ನಾನು ಎಷ್ಟೋ ವರ್ಷಗಳಿಂದ ತಿಳಿದಿದ್ದೆ. ಆಮೇಲೆ ಅವರು ನನ್ನ ಮುಖ ನೋಡಿ, "ಹುಡುಗೀಗೂ ಉಡಿ ತುಂಬ್ತೀನ್ರಿ. ನಿಮ್ಮದು ಒಪ್ಪಿಗಿ ಐತಲ್ರಿ?" ಎಂದು ಕೇಳಿದರು.

ನನ್ನ ಬಾಯಲ್ಲಿ ಹೋಳಿಗೆಯಿತ್ತು. "ಅಯ್ಯೋ, ಧಾರಾಳವಾಗಿ" ಎಂದೆ.

ಮಗಳು ನನ್ನ ಕಡೆ ತಿರುಗಿ, "ವಾಟ್ ಡು ಐ ಡೂ?" ಎಂದಳು. "ತಗೋ, ಬೇಡ ಅನ್ನಬಾರದು" ಎಂದೆ. ಜೀನ್ಸ್ ಹಾಕಿದ್ದ ಅವಳಿಗೆ ಸೆರಗೆಲ್ಲಿಂದ ಬರಬೇಕು? ಕೊರಳಿನ ಉಣ್ಣೆಯ ಸ್ಕಾರ್ಫನ್ನೇ ಬಿಚ್ಚಿ ಹರಡಿದಳು. ಆಕೆ ಅದಕ್ಕೆ ಅಕ್ಕಿ ಸುರಿದು, ಅವಳ ಗಲ್ಲ ಸವರಿ, ಕಣ್ಣೊರೆಸಿಕೊಂಡರು. ಎಷ್ಟು ಅಂತಃಕರಣದ ಹೆಂಗಸು ಎಂದುಕೊಂಡೆ. ಮದುವೆಯಾಗದ ಹುಡುಗಿಗೆ ಗಂಡಿನ ಮನೆಯವರು ಉಡಿ ತುಂಬಿದರೆ ಸಂಬಂಧ ಗಟ್ಟಿಯಾಯಿತೆಂದು ಅರ್ಥ ಎಂಬುದು ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮನೆಗೆ ಮರಳುವಾಗ, ಹೆದ್ದಾರಿ ರೂಟ್ ಒನ್‌ನ ಸಿಗ್ನಲ್ಲೊಂದರಲ್ಲಿ. ನಾನು ಡ್ರೈವ್ ಮಾಡುತ್ತಿದ್ದೆ. ಮಗಳು ಫೋನ್ ನೋಡಿ ಒಮ್ಮೆಲೇ ನೆಟ್ಟಗೆ ಕೂತಳು. ಹುಡುಗನ ಮೆಸೇಜು. ಅವಳು ಗಟ್ಟಿಯಾಗಿ ಓದಿದಳು: "ಅಮ್ಮ ಸೇಸ್ ವಿ ಆರ್ ಎಂಗೇಜ್ಡ್. ಡಿಡ್ ಯು ನೋ?"

ಅವಳು ಇಲ್ಲವೆಂದು ಬರೆದಳು. "ಕೂಲ್. ಆರ್ ವಿ?" ಎಂದು ಮರುಪ್ರಶ್ನೆ ಬಂತು. ಅವಳು ಅದಕ್ಕೂ ಇಲ್ಲವೆಂದು ಬರೆದಳು. "ಕೂಲ್. ಬಟ್ ಯು ಗೈಸ್ ಟೆಲ್ ಹರ್" ಎಂದು ಉತ್ತರ ಬಂತು. ಆ ಹುಡುಗನ ಬಗ್ಗೆ ನನಗಿದ್ದ ಗೌರವವೆಲ್ಲ ಆ ಸಿಗ್ನಲ್ಲಿನಲ್ಲಿಯೇ ಇಳಿದುಹೋಯಿತು. ಹಿಂದಿನ ಕಾರಿನವನು ಹಾರ್ನ್ ಮಾಡಿದ ಮೇಲೇ ನಾನು ಹೊರಟದ್ದು.

ಮನೆ ತಲುಪುವುದರೊಳಗೆ ಮಗಳು ತೀರ್ಪು ಕೊಟ್ಟಿದ್ದಳು. "ಯು ಸೆಡ್ ಯೆಸ್, ಅಮ್ಮ. ಯು ಸೇ ನೋ."

ಇದಕ್ಕಿಂತ ನ್ಯಾಯವಾದ ಮಾತು ಇರಲಿಕ್ಕಿಲ್ಲ. ಫೋನ್ ಮಾಡುವುದಷ್ಟೇ ಬಾಕಿ. ಆದರೆ ಸೋಮವಾರ ಅವರೇ ಫೋನ್ ಮಾಡಿಬಿಟ್ಟರು. ಧಾರವಾಡದಲ್ಲಿ ಅವರ ಅಕ್ಕ ಗಣಪತಿಗೆ ಪೂಜೆ ಮಾಡಿಸಿದ್ದರು, ಅತ್ತಿಗೆ ಸೀರೆ ನೋಡಲು ಹೊರಟಿದ್ದರು. "ನಂಗ ಹೆಣ್ಣುಮಕ್ಕಳಿಲ್ರಿ. ನಿನ್ನೆಯಿಂದ ಮನ್ಯಾಗ ಮಗಳು ಬಂದಂಗ ಆಗೇದ" ಎಂದರು. ಅಷ್ಟು ಹೇಳಿದವರಿಗೆ ನಾನು ಏನು ಹೇಳಲಿ? "ಹೌದಾ, ಸಂತೋಷ" ಎಂದೆ. ಮಂಗಳವಾರ ಕೇಟರಿಂಗ್ ವಿಷಯ ಬಂತು, ಅದಕ್ಕೂ "ಸಂತೋಷ" ಎಂದೆ. ಪಕ್ಕದಲ್ಲಿ ಕೂತಿದ್ದ ಗಂಡ, "ಹೀಗೇ ಸಂತೋಷಪಡ್ತಾ ಇರು, ಜೂನ್‌ನಲ್ಲಿ ಮದುವೆ, ಮುಂದಿನ ವರ್ಷ ಮೊಮ್ಮಗುವಿನ ನಾಮಕರಣ" ಎಂದರು.

ಇದರ ನಡುವೆ ನಾನು ಉಪನ್ಯಾಸ ಬರೆಯುತ್ತಿದ್ದೆ. ಬರೆಯುವುದೆಲ್ಲ ನನ್ನನ್ನೇ ಚುಚ್ಚುತ್ತಿತ್ತು. ಆ ಲೇಖಕಿಯ ಬದುಕಿನ ಮುಖ್ಯ ಘಟನೆ ಯಾವುದು? ಗೆಳತಿಯರ ಮನೆಗೆ ಹೋಗಿದ್ದಾಗ ಅವರ ತಮ್ಮ ಒಂದು ಸಂಜೆ ಆಕೆಯನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಆಸ್ತಿವಂತ, ದೊಡ್ಡ ಮನೆ. ಆಕೆಗೆ ಆಗ ವಯಸ್ಸು ಮೀರುತ್ತಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆಕೆ ಹೂಂ ಎಂದಳು. ಮನೆಯವರೆಲ್ಲ ಸಂಭ್ರಮಪಟ್ಟು ಮಲಗಿದರು. ಬೆಳಿಗ್ಗೆ ಎದ್ದು ಆಕೆ ಊಹೂಂ ಎಂದಳು. ಈ ಕಥೆಯನ್ನು ನಾನು ಮಗಳಿಗೆ ಚಿಕ್ಕಂದಿನಿಂದ, ಬೇರೆಯವರು ಧ್ರುವನ ಕಥೆ ಹೇಳುವಂತೆ ಹೇಳುತ್ತ ಬಂದವಳು. ಧೈರ್ಯವೆಂದರೆ ಇದು ಎಂದು ಭಾಷಣ ಬಿಗಿದವಳು. ಈಗ ಒಂದು ಫೋನ್ ಮಾಡುವುದನ್ನು ನಾಳೆಗೆ, ನಾಳಿದ್ದಿಗೆ ಎಂದು ಮುಂದೂಡುತ್ತಿದ್ದೆ.

ಶುಕ್ರವಾರ ಮಗಳು ಒಂದೇ ಮಾತು ಹೇಳಿದಳು. "ನಾಳೆ ನಾನೂ ಬರ್ತೀನಿ. ನೀನು ಹೇಳದಿದ್ರೆ ಕೊನೇಲಿ ಕ್ವೆಶ್ಚನ್ಸ್ ಕೇಳುವಾಗ ನಾನೇ ಹೇಳ್ತೀನಿ." ಅಷ್ಟು ಉದ್ದದ ಕನ್ನಡ ವಾಕ್ಯವನ್ನು ಅವಳು ಆಡಿ ವರ್ಷಗಳೇ ಆಗಿದ್ದವು. ಹೆದರಿಕೆಯಲ್ಲೂ ನನಗೆ ಖುಷಿಯಾಯಿತು.

ಶನಿವಾರ ಮೀಟಿಂಗ್ ರೂಮು ತುಂಬಿತ್ತು. ಮುಂದಿನ ಸಾಲಿನಲ್ಲಿ ಹುಡುಗನ ತಾಯಿ, ಇಳಕಲ್ ಸೀರೆ ಉಟ್ಟು, ಮೇಲೆ ದಪ್ಪ ಜಾಕೆಟ್ ತೊಟ್ಟು, ಬೀಗಿತ್ತಿಯ ಕಳೆಯಿಂದ ಕೂತಿದ್ದರು. ಅಕ್ಕಪಕ್ಕದವರಿಗೆ ಸುದ್ದಿ ಹಂಚಿಯಾಗಿತ್ತು, ಇಬ್ಬರು ನನಗೆ ಕಂಗ್ರಾಜುಲೇಷನ್ಸ್ ಹೇಳಿದರು. ಮಗಳು ಬಾಗಿಲ ಪಕ್ಕ, ಕೊನೆಯ ಸಾಲಿನಲ್ಲಿ ಕೂತಿದ್ದಳು.

ಲೇಖಕಿಯ ಬಗ್ಗೆ ನಾನು ಸುರಕ್ಷಿತವಾದ ಕಡೆಯಿಂದ ಶುರುಮಾಡಿದೆ. ಆಕೆ ಓದಿದ ಪುಸ್ತಕಗಳು. ಅಪ್ಪ ಪಾದ್ರಿ. ಆದರೂ ತನ್ನ ಪುಸ್ತಕದ ಕಪಾಟಿಗೆ ಬೀಗ ಹಾಕದ ಪುಣ್ಯಾತ್ಮ. ಕಾದಂಬರಿ ಓದುವುದೇ ಅವಮಾನ ಎಂದುಕೊಂಡಿದ್ದ ಕಾಲದಲ್ಲಿ ಆ ಮನೆಯವರೆಲ್ಲ ಕಾದಂಬರಿ ಓದುತ್ತೇವೆಂದು ರಾಜಾರೋಷವಾಗಿ ಹೇಳಿಕೊಳ್ಳುತ್ತಿದ್ದರು. ಹಾಳು ಕೋಟೆ, ಕತ್ತಲೆ ಕೋಣೆ, ಕಿರುಚುವ ನಾಯಕಿಯರಿದ್ದ ಭೂತದ ಕಾದಂಬರಿಗಳು ಆಗ ಎಲ್ಲೆಲ್ಲೂ ಓಡುತ್ತಿದ್ದವು. ಆಕೆ ಅವನ್ನೆಲ್ಲ ಪ್ರೀತಿಯಿಂದ ಓದಿ, ಆಮೇಲೆ ಅಷ್ಟೇ ಪ್ರೀತಿಯಿಂದ ಗೇಲಿ ಮಾಡಿದಳು. ತನಗಿಂತ ಮೊದಲು ಬರೆದ ಹೆಂಗಸರನ್ನು ಓದಿ, ಹೆಂಗಸೂ ಬರೆಯಬಹುದೆಂದು ತಿಳಿದುಕೊಂಡಳು. ಮನೆಯ ಕೊಟ್ಟಿಗೆಯಲ್ಲಿ ಅಣ್ಣಂದಿರು ಆಡಿಸಿದ ನಾಟಕಗಳಿಂದ ಮಾತಿನ ಚುರುಕು ಕಲಿತಳು. ಜನರಿರುವ ಕೋಣೆಯಲ್ಲೇ ಕೂತು ಬರೆದಳು. ಯಾರಾದರೂ ಬಂದರೆ ಗೊತ್ತಾಗಲೆಂದು ಕಿರುಗುಟ್ಟುವ ಬಾಗಿಲನ್ನು ರಿಪೇರಿ ಮಾಡಿಸಲು ಬಿಡಲಿಲ್ಲವಂತೆ. ಇಲ್ಲಿ ಎಲ್ಲರೂ ನಕ್ಕರು. ಮೊದಲ ಪುಸ್ತಕದ ಮೇಲೆ ಹೆಸರಿರಲಿಲ್ಲ, ಒಬ್ಬ ಮಹಿಳೆ ಬರೆದದ್ದು ಎಂದಷ್ಟೇ ಇತ್ತು. ಇಲ್ಲಿ ಯಾರೂ ನಗಲಿಲ್ಲ.

ಆಮೇಲೆ ಬದುಕಿಗೆ ಬಂದೆ. ಆ ಸಂಜೆಯನ್ನು ಹಾರಿಸಿ ಮುಂದೆ ಹೋಗುವುದೆಂದು ನಿರ್ಧರಿಸಿಯೇ ಬಂದಿದ್ದೆ. ಹಾಳೆ ತಿರುಗಿಸಿದೆ. ಕೊನೆಯ ಸಾಲಿನಲ್ಲಿ ನನ್ನ ಮಗಳು ಕೈ ಎತ್ತಲು ಸಿದ್ಧಳಾಗಿ ಮುಂದಕ್ಕೆ ಬಾಗಿದ್ದಳು. ಅವಳ ಮುಖ ಬಿಳಿಚಿತ್ತು. ಆಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ತಿರುಗಿಸಿದ ಹಾಳೆಯನ್ನು ವಾಪಸ್ ಮಗುಚಿ, ಸಂಜೆಯನ್ನೂ ಬೆಳಗನ್ನೂ ಪೂರ್ತಿ ಹೇಳಿದೆ. ಹೇಳುವಾಗ ಮುಂದಿನ ಸಾಲನ್ನು ನೋಡಲು ಧೈರ್ಯವಾಗದೆ ಗೋಡೆಯ ಮೇಲಿನ ಫೈರ್ ಎಕ್ಸಿಟ್ ಬೋರ್ಡನ್ನೇ ನೋಡುತ್ತಿದ್ದೆ.

ಕೂತವರು ಎರಡು ಪಕ್ಷವಾದರು. "ಒಪ್ಪಿಕೊಂಡ ಮೇಲೆ ಮುಗೀತಲ್ವಾ?" ಎಂದರು ಒಬ್ಬರು. "ಮದುವೆಯಾದ ಮೇಲೆ ಗೊತ್ತಾಗೋದಕ್ಕಿಂತ ಬೆಳಿಗ್ಗೆ ಗೊತ್ತಾದದ್ದು ಒಳ್ಳೇದೇ ತಾನೆ" ಎಂದರು ಇನ್ನೊಬ್ಬರು, ತಮ್ಮ ಗಂಡನ ಕಡೆ ನೋಡದೆ. ಗಲಾಟೆಯ ನಡುವೆ ಮುಂದಿನ ಸಾಲಿನಿಂದ ಆಕೆ ಎದ್ದು ನಿಂತರು.

"ಆ ಹುಡುಗನ ತಾಯಿ ಏನಂದಳ್ರಿ?"

ಇಷ್ಟು ವರ್ಷ ಆ ಲೇಖಕಿಯನ್ನು ಓದಿದವಳು ನಾನು. ಆ ಪ್ರಶ್ನೆ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. "ತಾಯಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಅಕ್ಕಂದಿರು ಇದ್ದರು. ಅವರೇ ಗಾಡಿಯಲ್ಲಿ ಜೊತೆಗೆ ಕೂತು ಆಕೆಯನ್ನು ಮನೆಗೆ ಬಿಟ್ಟುಬಂದರು. ಸ್ನೇಹ ಕೆಡಲಿಲ್ಲ, ಕೊನೇವರೆಗೂ ಉಳೀತು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸೋಮವಾರದ, ಮಂಗಳವಾರದ ನನ್ನ ಸಂತೋಷಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿರಬೇಕು. ಆಮೇಲೆ ಹಿಂದಕ್ಕೆ ತಿರುಗಿ, ಬಾಗಿಲ ಕಡೆ ಕೈ ಮಾಡಿ ಕರೆದರು.

"ಬಾರವಾ ಇಲ್ಲೆ."

ನನ್ನ ಮಗಳು ಕುರ್ಚಿಗಳ ನಡುವೆ ನಡೆದು ಬಂದಳು. ಚಕ್ಕುಲಿ ಕಡಿಯುವ ಸದ್ದು ಪೂರ್ತಿ ನಿಂತಿತ್ತು. ಆಕೆ ಅವಳ ಎರಡೂ ಕೈ ಹಿಡಿದುಕೊಂಡರು.

"ಈಗ ಮುಂಜಾನಿ ಆತು ಅಂತ ತಿಳ್ಕೊ. ನಿಮ್ಮವ್ವನ್ನ ನೋಡಬ್ಯಾಡ, ನನ್ನ ನೋಡಿ ಹೇಳು. ಏನಂತಿ?"

"ಬೇಡ, ಆಂಟಿ" ಎಂದಳು ನನ್ನ ಮಗಳು. "ಐ'ಮ್ ಸೋ ಸಾರಿ."

ನಾನು ಮೈಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದೆ. ಬೈಯಲಿ, ನನ್ನನ್ನು ಎಲ್ಲರೆದುರು ಬೈದುಬಿಡಲಿ, ಅವಳನ್ನಲ್ಲ ಎಂದು ಬೇಡಿಕೊಳ್ಳುತ್ತಿದ್ದೆ. ಆಕೆಯ ಕಣ್ಣು ತುಂಬಿತು. ಆದರೆ ಹಿಡಿದ ಕೈ ಬಿಡಲಿಲ್ಲ.

"ಸಾರಿ ಯಾಕವಾ. ನಂಗೂ ಹಿಂಗ ಒಂದು ಸಂಜೀಮುಂದ ಉಡಿ ತುಂಬಿದ್ರು. ಮುಂಜಾನಿ ಎದ್ದಾಗ ಯಾರೂ ಕೇಳ್ಲಿಲ್ಲ."

"ಕೇಳಿದ್ರೆ ಏನು ಹೇಳ್ತಿದ್ರಿ, ಆಂಟಿ?" ಎಂದು ಮಗಳು ಕನ್ನಡದಲ್ಲೇ ಕೇಳಿದಳು.

ಆಕೆ ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡು ಸ್ವಲ್ಪ ನಕ್ಕರು.

"ಯಾರಿಗೆ ಗೊತ್ತವಾ. ಇವತ್ತಿನ ತನಕ ನಾನೂ ಕೇಳ್ಕೊಂಡಿರ್ಲಿಲ್ಲ."